ಕಿಣ್ವಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಮನೆಗೆ ಸಂಜೆ ಹೊತ್ತು ಹತ್ತಾರು ಮಕ್ಕಳು ವಿಜ್ಞಾನ ಕಲಿಯಲು ಬರುತ್ತಾರೆ. ಹೆಚ್ಚಿನವರು ಉಡುಪಿ, ಕುಂದಾಪುರ, ವಿಜಯಪುರ, ಕಲಬುರಗಿ ಕಡೆಯ ಮನೆಗಳವರು. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರೂ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಲೇ ಒಂದು ಪ್ರಶ್ನೆ ಕೇಳಿ ಹೋಗುತ್ತಾರೆ. ಪುಣೆಯಿಂದ ಅಕ್ಕ ಫೋನಿನಲ್ಲಿ ಕೇಳುತ್ತಾಳೆ. ಮಡಗಾಂವ್‌ನಲ್ಲಿ ಹೋಟೆಲ್ ಇಟ್ಟಿರುವ ಭಾವ ಊರಿನ ಜಾತ್ರೆಯಲ್ಲಿ ಸಿಕ್ಕಾಗ ಕೇಳುತ್ತಾರೆ. ಕಿಣ್ವದ ಬಗ್ಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲಿಗೆ

ಟೀಚರ್, ಕಿಣ್ವ ಅಂದ್ರೆ ಏನು? ಚಿಕ್ಕದಾಗಿ ಹೇಳಿ

ಜೀವಕೋಶಗಳು ತಯಾರಿಸುವ ವೇಗವರ್ಧಕ. ಒಂದು ವಸ್ತು ಇನ್ನೊಂದಾಗುವ ಕೆಲಸವನ್ನು ಬೇಗ ಮುಗಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಹೆಚ್ಚಿನ ಕಿಣ್ವಗಳು ಪ್ರೋಟೀನುಗಳು. ಅಮೈನೋ ಆಮ್ಲಗಳ ಉದ್ದದ ಸರವೊಂದು ಮಡಚಿಕೊಂಡು ಉಂಡೆಯಾಗಿರುತ್ತದೆ. ಆ ಉಂಡೆಯಲ್ಲಿ ಒಂದು ಸಣ್ಣ ಗುಳಿ. ಕೆಲಸವೆಲ್ಲ ನಡೆಯುವುದು ಅಲ್ಲೇ. ಅದಕ್ಕೆ ಸಕ್ರಿಯ ತಾಣ ಎಂದು ಹೆಸರು. ಅಲ್ಲಿಗೆ ಬಂದು ಕೂರುವ ವಸ್ತುವಿಗೆ ಕ್ರಿಯಾಧಾರ ಎನ್ನುತ್ತೇವೆ.

ಇವತ್ತು ರಾತ್ರಿ ಒಂದು ತುಂಡು ಚಪಾತಿಯನ್ನು ನುಂಗದೆ ಒಂದೆರಡು ನಿಮಿಷ ಅಗಿಯುತ್ತಾ ಇರಿ. ನಿಧಾನವಾಗಿ ಸಿಹಿ ಗೊತ್ತಾಗುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಗೋಧಿಯ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡಿರುತ್ತದೆ.

ಮಗನ ಮರಾಠಿ ಪುಸ್ತಕದಲ್ಲಿ 'ವಿಕರ' ಅಂತಿದೆ, ನೀವು ಕಿಣ್ವ ಅಂತೀರಿ. ಎರಡೂ ಒಂದೇನಾ?

ಒಂದೇ. ಮಕ್ಕಳಿಗೆ ಕಿವಿಯಲ್ಲಿ 'ವಿಕಾರ' ಅಂತ ಕೇಳಿ ಗೊಂದಲವಾಗುತ್ತದೆ. ಹಾಗೇನೂ ಇಲ್ಲ ಅಂತ ಬಿಡಿಸಿ ಹೇಳಿ.

ನಮ್ಮ ಪದ ನನಗೆ ತುಂಬಾ ಇಷ್ಟ. ಸಂಸ್ಕೃತದಲ್ಲಿ ಕಿಣ್ವ ಎಂದರೆ ಮದ್ಯ ಹುಳಿ ಬರಿಸಲು ಹಾಕುವ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ವಿಚಾರ ಬರುವಲ್ಲಿ ಈ ಪದವಿದೆ. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1877ರಲ್ಲಿ 'ಎಂಜೈಮ್' ಎಂಬ ಹೆಸರು ಕೊಟ್ಟರು. ಗ್ರೀಕಿನಲ್ಲಿ ಅದರ ಅರ್ಥ 'ಹುದುಗಿನೊಳಗೆ'. ಎರಡು ಭಾಷೆ, ಎರಡು ಕಾಲ, ಆದರೂ ಇಬ್ಬರೂ ನೋಡಿದ್ದು ಹುಳಿ ಬಂದು ಉಕ್ಕುವ ಪಾತ್ರೆಯನ್ನೇ.

ಕಿಣ್ವ ಇಲ್ಲದಿದ್ರೆ ಆ ಕ್ರಿಯೆ ನಡೆಯೋದೇ ಇಲ್ವಾ?

ನಡೆಯುತ್ತದೆ, ಆದರೆ ನಮ್ಮ ಬದುಕಿಗೆ ಸಾಲದಷ್ಟು ನಿಧಾನ. ಊರಿಗೆ ಹೋಗುವ ದಾರಿಯನ್ನೇ ನೆನಪಿಸಿಕೊಳ್ಳಿ. ಮುಂಬೈಗೂ ಉಡುಪಿಗೂ ನಡುವೆ ಸಹ್ಯಾದ್ರಿಯ ಗುಡ್ಡಗಳ ಸಾಲು. ಪ್ರತಿ ಗುಡ್ಡವನ್ನೂ ಹತ್ತಿ ಇಳಿದು ಹೋಗಬೇಕೆಂದರೆ ಎಷ್ಟು ಜನ ಹೋದಾರು? ಕೊಂಕಣ ರೈಲ್ವೆಯವರು ಗುಡ್ಡಕ್ಕೇ ಸುರಂಗ ಕೊರೆದರು. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಇದೆ.

ರಾಸಾಯನಿಕ ಕ್ರಿಯೆಗೂ ಇಂಥ ಗುಡ್ಡ ಇರುತ್ತದೆ. ಹಳೆಯ ಬಂಧ ಸಡಿಲಾಗಿ ಹೊಸದು ಆಗುವ ಮೊದಲು ಅಣುವು ಒಂದು ಇಕ್ಕಟ್ಟಿನ ಸ್ಥಿತಿ ದಾಟಬೇಕು. ಅದಕ್ಕೆ ಬೇಕಾದ ಶಕ್ತಿಯೇ ಆ ಗುಡ್ಡದ ಎತ್ತರ. ಕಾಯಿಸಿದರೆ ಹೆಚ್ಚು ಅಣುಗಳಿಗೆ ಹತ್ತುವ ಶಕ್ತಿ ಬರುತ್ತದೆ. ಆದರೆ ನಮ್ಮ ಮೈಯನ್ನು ಒಲೆಯ ಮೇಲೆ ಇಡಲು ಆಗುತ್ತದೆಯೇ? ಕಿಣ್ವ ಗುಡ್ಡ ಹತ್ತಿಸುವುದಿಲ್ಲ, ಸುರಂಗ ಕೊರೆಯುತ್ತದೆ.

ವೇಗ ಎಷ್ಟು ಹೆಚ್ಚುತ್ತದೆ ಅಂದರೆ, ಡಿಎನ್‌ಎ ಮತ್ತು ಆರ್‌ಎನ್‌ಎಗೆ ಬೇಕಾದ ಒಂದು ಘಟಕ ತಯಾರಾಗುವಾಗ ಕೊನೆಯ ಹಂತದಲ್ಲಿ ಇಂಗಾಲದ ಡೈಆಕ್ಸೈಡ್ ಕಳಚಬೇಕು. ಕಿಣ್ವವಿಲ್ಲದೆ ಬರೀ ನೀರಿನಲ್ಲಿ ಬಿಟ್ಟರೆ ಅರ್ಧದಷ್ಟು ಅಣುಗಳು ಬದಲಾಗಲು ಸುಮಾರು 7 ಕೋಟಿ 80 ಲಕ್ಷ ವರ್ಷ ಬೇಕು. ಕಿಣ್ವ ಇದ್ದರೆ ಒಂದೊಂದು ಅಣುವಿಗೆ ಸೆಕೆಂಡಿನ ಒಂದು ಸಣ್ಣ ಭಾಗ ಸಾಕು.

ಕಿಣ್ವಕ್ಕೆ ಜೀವ ಇದೆಯಾ?

ಇಲ್ಲ. ಹಿಂದೆ ದೊಡ್ಡ ವಿಜ್ಞಾನಿಗಳೂ ಜೀವಂತ ಯೀಸ್ಟ್ ಇಲ್ಲದೆ ಹುಳಿ ಬರುವುದಿಲ್ಲ ಅಂದುಕೊಂಡಿದ್ದರು. 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ಒಂದೂ ಜೀವಕೋಶವಿಲ್ಲದ ರಸ ತೆಗೆದರು. ಅದಕ್ಕೆ ಸಕ್ಕರೆ ಹಾಕಿದರೆ ಗುಳ್ಳೆ ಬಂತು, ಮದ್ಯಸಾರವೂ ಆಯಿತು. 1907ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಕಿಣ್ವ ಕೆಲಸ ಮಾಡೋದನ್ನ ಮನೇಲೇ ನೋಡಬಹುದಾ?

ಖಂಡಿತ. ಮೆಡಿಕಲ್ ಅಂಗಡಿಯಿಂದ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ, ಶೇಕಡಾ 3 ಅಥವಾ 6ರದ್ದು. ದೊಡ್ಡವರು ಜೊತೆಗಿರಲಿ, ಕಣ್ಣಿಗೆ ತಾಗದಿರಲಿ. ಗಾಜಿನ ಲೋಟಕ್ಕೆ ಎರಡು ಬೆರಳಷ್ಟು ಸುರಿಯಿರಿ. ಹಸಿ ಆಲೂಗಡ್ಡೆ ತುರಿದು ಒಂದು ಚಮಚ ಹಾಕಿ.

ಮೊದಲು ತುರಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಆಮೇಲೆ ತುರಿಯೇ ಮೇಲೆ ತೇಲಿ ಬರುತ್ತದೆ. ಒಂದು ನಿಮಿಷದಲ್ಲಿ ಬಿಳಿ ನೊರೆ ಲೋಟದ ಕಂಠಕ್ಕೆ ಏರುತ್ತದೆ. ಲೋಟ ಮುಟ್ಟಿದರೆ ಸ್ವಲ್ಪ ಬೆಚ್ಚಗೆ. ಊದುಬತ್ತಿ ಹಚ್ಚಿ, ಜ್ವಾಲೆ ಆರಿಸಿ, ಕೆಂಡದ ತುದಿಯನ್ನು ನೊರೆಯ ಹತ್ತಿರ ಹಿಡಿಯಿರಿ. ಕೆಂಡ ಪ್ರಖರವಾಗುತ್ತದೆ, ಯಾಕೆಂದರೆ ಆ ಗುಳ್ಳೆಗಳಲ್ಲಿ ಇರುವುದು ಆಮ್ಲಜನಕ. ಆಲೂಗಡ್ಡೆಯ ಕ್ಯಾಟಲೇಸ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಕ್ಯಾಟಲೇಸಿನ ಒಂದು ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು.

ಇನ್ನೊಂದು ಲೋಟಕ್ಕೆ ಬೇಯಿಸಿದ ಆಲೂಗಡ್ಡೆ ಹಾಕಿ. ಏನೂ ಆಗುವುದಿಲ್ಲ. ಒಂದು ಎಚ್ಚರಿಕೆ: ಪೆರಾಕ್ಸೈಡ್ ಹೊಸ ಬಾಟಲಿಯದ್ದೇ ಇರಲಿ. ಒಂದು ಸಲ ನಾನು ಕಪಾಟಿನಲ್ಲಿದ್ದ ಹಳೆಯದನ್ನು ಬಳಸಿದೆ. ಅದು ತಾನಾಗಿಯೇ ನೀರಾಗಿತ್ತು. ಮಕ್ಕಳು ಹತ್ತು ನಿಮಿಷ ಖಾಲಿ ಲೋಟ ನೋಡುತ್ತಾ ಕೂತರು, ನನಗೆ ಬಹಳ ಬೇಜಾರಾಯಿತು.

## ಅಡುಗೆಮನೆ ಮತ್ತು ಬಚ್ಚಲು

ಹಸಿ ಪೈನಾಪಲ್ ಹಾಕಿದ ಜೆಲ್ಲಿ ಗಟ್ಟಿಯಾಗ್ಲೇ ಇಲ್ಲ. ಎಲ್ಲಿ ತಪ್ಪಿತು?

ತಪ್ಪು ನಿಮ್ಮದಲ್ಲ. ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಜೆಲಾಟಿನ್ ಕೂಡ ಪ್ರೋಟೀನೇ. ಅದರ ಉದ್ದದ ಎಳೆಗಳು ಹೆಣೆದುಕೊಂಡರೆ ಜೆಲ್ಲಿ. ಎಳೆಗಳೇ ತುಂಡಾದರೆ ಹೆಣೆಯುವುದು ಏನನ್ನು? ಹಣ್ಣನ್ನು ಮೊದಲು ಕುದಿಸಿಕೊಳ್ಳಿ, ಆಗ ಸರಿಹೋಗುತ್ತದೆ. ಚೈನಾ ಗ್ರಾಸ್ ಬಳಸುವವರಿಗೆ ಈ ತೊಂದರೆಯೇ ಇಲ್ಲ. ಅದು ಕಡಲ ಪಾಚಿಯಿಂದ ಬರುವ ಪಿಷ್ಟದಂಥ ವಸ್ತು, ಪ್ರೋಟೀನಲ್ಲ. ಬ್ರೊಮೆಲೈನಿಗೆ ಅದು ಬೇಕಾಗಿಲ್ಲ.

ಹಸಿ ಅನಾನಸ್ ಹಾಕಿದ ಮಿಲ್ಕ್‌ಶೇಕ್ ಸ್ವಲ್ಪ ಹೊತ್ತಿಗೆ ಕಹಿಯಾಗುವುದಕ್ಕೂ ಇದೇ ಕಾರಣ. ಹಾಲಿನ ಪ್ರೋಟೀನಿನ ತುಂಡುಗಳು ಕಹಿ. ಪೈನಾಪಲ್ ಶೀರಾದಲ್ಲಿ ಹಣ್ಣು ಬೆಂದಿರುತ್ತದೆ, ಹಾಗಾಗಿ ಅದಕ್ಕೆ ಏನೂ ಆಗದು. ಮಟನ್ನಿಗೆ ಕಾಯಿ ಪಪ್ಪಾಯಿ ಅರೆದು ಹಚ್ಚುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದು ಪಪೈನ್.

ಪುಣೆಯಲ್ಲಿ ಡಿಸೆಂಬರ್ ಬಂದ್ರೆ ಇಡ್ಲಿ ಹಿಟ್ಟು ಉಬ್ಬೋದೇ ಇಲ್ಲ ಕಣೇ, ಏನು ಮಾಡ್ಲಿ?

ಇದು ಅಕ್ಕನ ಪ್ರತಿ ವರ್ಷದ ಪ್ರಶ್ನೆ. ಹಿಟ್ಟನ್ನು ಉಬ್ಬಿಸುವುದು ಅದರಲ್ಲಿರುವ ಬ್ಯಾಕ್ಟೀರಿಯಾಗಳು. ಅವುಗಳ ಒಳಗಿನ ಕಿಣ್ವಗಳು ಸಕ್ಕರೆಯನ್ನು ಆಮ್ಲವಾಗಿ, ಅನಿಲವಾಗಿ ಬದಲಾಯಿಸುತ್ತವೆ. ಒಂದು ಮಿತಿಯವರೆಗೆ ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಅದೇ ಲೆಕ್ಕ ತಿರುಗಿಸಿದರೆ ಪುಣೆಯ ಚಳಿಯಲ್ಲಿ ಹಿಟ್ಟಿಗೆ ದುಪ್ಪಟ್ಟು, ಮೂರು ಪಟ್ಟು ಹೊತ್ತು ಬೇಕು. ಮುಂಬೈಯ ಮೇ ತಿಂಗಳಲ್ಲಿ ಅದೇ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಹುಳಿ.

ಅಕ್ಕ ಈಗ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಮುಚ್ಚಿದ ಓವನ್ ಒಳಗೆ ಇಡುತ್ತಾಳೆ. ಕೆಲಸ ಆಗುತ್ತದೆ. ಜಾಸ್ತಿ ಬಿಸಿ ಮಾತ್ರ ಬೇಡ. ಚಳಿಯಲ್ಲಿ ಕಿಣ್ವ ಬರೀ ನಿಧಾನವಾಗುತ್ತದೆ, ಫ್ರಿಜ್ಜಿನಿಂದ ತೆಗೆದರೆ ಮತ್ತೆ ಶುರು. ಬಿಸಿ ಮೀರಿದರೆ ಆ ಮಡಚಿದ ಉಂಡೆಯೇ ಬಿಚ್ಚಿಕೊಳ್ಳುತ್ತದೆ, ಗುಳಿಯ ಆಕಾರ ಹೋಗುತ್ತದೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗುವುದಿಲ್ಲ, ಹಾಗೆಯೇ ಇದೂ.

ಡಬ್ಬಿಗೆ ಹಾಕಿದ ಸೇಬು ಕಂದು ಬಣ್ಣಕ್ಕೆ ತಿರುಗುತ್ತೆ, ತಿನ್ನಬಹುದಾ?

ಧಾರಾಳವಾಗಿ ತಿನ್ನಬಹುದು. ಕತ್ತರಿಸಿದಾಗ ಜೀವಕೋಶ ಒಡೆದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಗಾಳಿ ಸಿಗುತ್ತದೆ, ಕಂದು ಬಣ್ಣ ಬರುತ್ತದೆ. ಎರಡು ಹನಿ ನಿಂಬೆರಸ ಸವರಿ. ಹುಳಿಯಲ್ಲಿ ಆ ಕಿಣ್ವ ಮಂಕಾಗುತ್ತದೆ. ಬದನೆಕಾಯಿಯನ್ನು ಹೆಚ್ಚಿ ನೀರಿನಲ್ಲಿ ಹಾಕುವುದು ಗಾಳಿ ತಪ್ಪಿಸಲು.

ಗೋವಾದಲ್ಲಿ ಗೇರುಹಣ್ಣಿನ ರಸಕ್ಕೆ ಏನೂ ಹಾಕದೆ ಫೆನಿ ಹೇಗೆ ಆಗುತ್ತೆ?

ಭಾವ ಕೇಳಿದ್ದು. ಏನೂ ಹಾಕುವುದಿಲ್ಲ ಅಂತ ನಮಗೆ ಕಾಣುತ್ತದೆ ಅಷ್ಟೇ. ಹಣ್ಣಿನ ಸಿಪ್ಪೆಯಲ್ಲಿ, ಗಾಳಿಯಲ್ಲಿ, ಪಾತ್ರೆಯಲ್ಲಿ ಯೀಸ್ಟ್ ಇದ್ದೇ ಇರುತ್ತದೆ. ಅದರೊಳಗೆ ಹನ್ನೆರಡು ಕಿಣ್ವಗಳು ಸಾಲಾಗಿ ನಿಂತು ಕೆಲಸ ಮಾಡುತ್ತವೆ. ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟುತ್ತಾ ಗ್ಲೂಕೋಸ್ ಮದ್ಯಸಾರವೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ. ಆಮೇಲೆ ಬಟ್ಟಿ ಇಳಿಸಿದರೆ ಮೊದಲು ಉರಾಕ್, ಇನ್ನೊಮ್ಮೆ ಇಳಿಸಿದರೆ ಫೆನಿ. 2009ರಲ್ಲಿ ಗೇರು ಫೆನಿಗೆ ಭೌಗೋಳಿಕ ಗುರುತು ಸಿಕ್ಕಿತು.

ಗೋವಾದಲ್ಲಿ ಪಾವ್ ಸುಡುವ ಪೊದೇರರು ಹಿಂದೆ ಪಾವ್ ಹಿಟ್ಟಿಗೆ ಶೇಂದಿ ಹಾಕುತ್ತಿದ್ದರು. ಅಲ್ಲಿ ಬೇಕಾದದ್ದು ಮದ್ಯಸಾರವಲ್ಲ, ಅನಿಲ. ಅದೇ ಯೀಸ್ಟ್, ಅವೇ ಕಿಣ್ವಗಳು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ.

ವಾಷಿಂಗ್ ಪೌಡರ್ ಪ್ಯಾಕೆಟ್ ಮೇಲೆ 'ಎಂಜೈಮ್' ಅಂತ ಬರೆದಿರ್ತಾರೆ, ನಿಜವಾಗ್ಲೂ ಇರುತ್ತಾ?

ಇರುತ್ತದೆ. ಪ್ರೋಟಿಯೇಸ್ ರಕ್ತ, ಹಾಲು, ಬೆವರಿನ ಕಲೆಗೆ. ಲೈಪೇಸ್ ಎಣ್ಣೆಗೆ. ಅಮೈಲೇಸ್ ಗಂಜಿ, ಸಾಂಬಾರಿಗೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಕಿಣ್ವಕ್ಕೆ ಸಮಯ ಕೊಡಿ. ಕುದಿಯುವ ನೀರು ಸುರಿದರೆ ಕೊಟ್ಟ ದುಡ್ಡು ದಂಡ. ರೇಷ್ಮೆ ಸೀರೆ, ಉಣ್ಣೆಯ ಸ್ವೆಟರ್ ಇದರಲ್ಲಿ ಹಾಕಲೇಬೇಡಿ. ಎರಡೂ ಪ್ರೋಟೀನ್, ಕಲೆಯ ಜೊತೆ ಬಟ್ಟೆಯೂ ಸವೆಯುತ್ತದೆ.

## ನಮ್ಮ ಮೈಯೊಳಗೆ

ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸುತ್ತೆ, ಮಜ್ಜಿಗೆ ಕುಡಿದ್ರೆ ಏನೂ ಇಲ್ಲ. ಯಾಕೆ?

ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಬೇಕು. ಎಳೆ ಮಗುವಿನಲ್ಲಿ ಅದು ಚೆನ್ನಾಗಿರುತ್ತದೆ. ದೊಡ್ಡವರಾದ ಮೇಲೆ ಎಷ್ಟೋ ಜನರಲ್ಲಿ ಕಡಿಮೆಯಾಗುತ್ತದೆ. ಇದು ರೋಗವಲ್ಲ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಗ್ಯಾಸ್ ಮಾಡುತ್ತವೆ. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಒಂದಿಷ್ಟು ಲ್ಯಾಕ್ಟೋಸನ್ನು ಮೊದಲೇ ಮುಗಿಸಿರುತ್ತವೆ. ಅವುಗಳದೇ ಕಿಣ್ವ ನಮ್ಮ ಹೊಟ್ಟೆಯಲ್ಲೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ.

ಹಸಿ ತರಕಾರಿ ತಿಂದ್ರೆ ಅದರ ಕಿಣ್ವ ನಮ್ಮ ಮೈಗೆ ಸೇರುತ್ತಂತೆ, ಹೌದಾ?

ಇಲ್ಲ. ಹುಳಿ ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತೇವೆ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಜಠರದ ರಸದ ಪಿಎಚ್ ಒಂದೂವರೆ, ಎರಡರ ಆಸುಪಾಸು. ನಿಂಬೆರಸದಷ್ಟು, ಕೆಲವೊಮ್ಮೆ ಅದಕ್ಕಿಂತ ಹುಳಿ. ಅಲ್ಲಿ ಸೌತೆಕಾಯಿಯ ಕಿಣ್ವವೂ ಬೇಳೆಯ ಪ್ರೋಟೀನಿನ ಹಾಗೇ ಆಹಾರ. ಜಠರದ ಕಿಣ್ವ ಪೆಪ್ಸಿನ್ ಅದನ್ನು ತುಂಡು ಮಾಡುತ್ತದೆ. ಪೆಪ್ಸಿನ್ನಿಗೆ ಮಾತ್ರ ಆ ಹುಳಿಯೇ ಬೇಕು. ಮುಂದೆ ಸಣ್ಣ ಕರುಳಿಗೆ ಹೋದರೆ ಅಲ್ಲಿ ಕ್ಷಾರ, ಪೆಪ್ಸಿನ್ ನಿಲ್ಲುತ್ತದೆ, ಟ್ರಿಪ್ಸಿನ್ ಶುರುಮಾಡುತ್ತದೆ. ತರಕಾರಿ ತಿನ್ನಿ, ನಾರು ಮತ್ತು ವಿಟಮಿನ್‌ಗಾಗಿ ತಿನ್ನಿ. ಮೇದೋಜೀರಕ ಗ್ರಂಥಿ ಸೋತವರಿಗೆ ವೈದ್ಯರು ಕಿಣ್ವದ ಕ್ಯಾಪ್ಸೂಲ್ ಕೊಡುವುದುಂಟು. ಅದು ರಕ್ತಕ್ಕೆ ಸೇರಲಿ ಅಂತ ಅಲ್ಲ, ಕರುಳಿನಲ್ಲೇ ಊಟ ಜೀರ್ಣಿಸಲಿ ಅಂತ.

ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಜಾಸ್ತಿ ಅಂತ ಬಂದಿದೆ. ಕಿಣ್ವ ಜಾಸ್ತಿ ಇದ್ರೆ ಒಳ್ಳೇದಲ್ವಾ?

ಆ ಕಿಣ್ವದ ಜಾಗ ಯಕೃತ್ತಿನ ಜೀವಕೋಶದ ಒಳಗೆ. ಅದು ರಕ್ತದಲ್ಲಿ ಹೆಚ್ಚು ಕಂಡಿತು ಅಂದರೆ ಕೋಶಗಳಿಗೆ ಪೆಟ್ಟಾಗಿ ಹೊರಗೆ ಸೋರುತ್ತಿದೆ ಎಂದರ್ಥ. ನಲ್ಲಿಯ ನೀರು ನಲ್ಲಿಯಲ್ಲಿ ಬಂದರೆ ಸರಿ, ಗೋಡೆಯಲ್ಲಿ ಕಂಡರೆ ಎಲ್ಲೋ ಪೈಪ್ ಒಡೆದಿದೆ, ಅಲ್ವಾ? ಪೆಟ್ಟು ಯಾಕೆ ಆಯಿತು ಎಂಬುದನ್ನು ಈ ಒಂದು ಅಂಕಿ ಹೇಳದು. ವೈದ್ಯರಿಗೆ ತೋರಿಸಿ.

ಕಳ್ಳಭಟ್ಟಿ ಕುಡಿದವರಿಗೆ ಕಣ್ಣು ಯಾಕೆ ಹೋಗುತ್ತೆ?

2015ರ ಜೂನ್‌ನಲ್ಲಿ ಮುಂಬೈಯ ಮಾಲಾಡಿನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನ ವಿಷದ ಮದ್ಯ ಕುಡಿದು ಸತ್ತರು. ಆ ವಾರ ಎಲ್ಲರೂ ಕೇಳಿದ್ದು ಇದೇ ಪ್ರಶ್ನೆ.

ಅದರಲ್ಲಿ ಇದ್ದದ್ದು ಮೆಥನಾಲ್. ಯಕೃತ್ತಿನ ಆಲ್ಕೋಹಾಲ್ ಡಿಹೈಡ್ರಾಜಿನೇಸ್ ಮಾಮೂಲಿ ಮದ್ಯಸಾರವನ್ನು, ಅಂದರೆ ಎಥನಾಲನ್ನು, ಬದಲಾಯಿಸುವ ಕಿಣ್ವ. ಮೆಥನಾಲ್ ನೋಡಲು ಅದರ ತಮ್ಮನ ಹಾಗೆ, ಒಂದು ಇಂಗಾಲ ಕಡಿಮೆ. ಅದೇ ಗುಳಿಯಲ್ಲಿ ಅದೂ ಕೂರುತ್ತದೆ. ಕಿಣ್ವ ತನ್ನ ಕೆಲಸ ಮಾಡುತ್ತದೆ. ಮೊದಲು ಫಾರ್ಮಾಲ್ಡಿಹೈಡ್, ಅಲ್ಲಿಂದ ಇನ್ನೊಂದು ಕಿಣ್ವದಿಂದ ಫಾರ್ಮಿಕ್ ಆಮ್ಲ. ಈ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ, ಜೀವಕೋಶಗಳ ಉಸಿರನ್ನೇ ಕಟ್ಟಿಸುತ್ತದೆ. ಅಂದರೆ ಕುಡಿದದ್ದಕ್ಕಿಂತ ಹೆಚ್ಚಿನ ವಿಷ ನಮ್ಮ ಮೈಯಲ್ಲೇ ತಯಾರಾಗುತ್ತದೆ.

ಆಸ್ಪತ್ರೆಯಲ್ಲಿ ಆ ಗುಳಿಯನ್ನು ಮುಚ್ಚುವ ಫೋಮೆಪಿಝೋಲ್ ಎಂಬ ಔಷಧಿ ಕೊಡುತ್ತಾರೆ, ಅಥವಾ ಅಳತೆ ಮಾಡಿದ ಶುದ್ಧ ಎಥನಾಲ್ ಕೊಡುತ್ತಾರೆ. ಎಥನಾಲ್ ಜಾಗ ಹಿಡಿದು ಕೂತರೆ ಮೆಥನಾಲ್ ಬದಲಾಗದೆ ಮೈಯಿಂದ ಹೊರಗೆ ಹೋಗಲು ಸಮಯ ಸಿಗುತ್ತದೆ. ಇದು ಮನೆಮದ್ದಲ್ಲ. ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಓಡಬೇಕು.

ನಾವು ನುಂಗುವ ಎಷ್ಟೋ ಮಾತ್ರೆಗಳದ್ದೂ ಇದೇ ದಾರಿ. ಆಸ್ಪಿರಿನ್ ನೋವು ಹುಟ್ಟಿಸುವ ವಸ್ತುಗಳನ್ನು ಮಾಡುವ ಕಿಣ್ವವನ್ನು ನಿಲ್ಲಿಸುತ್ತದೆ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟಾಟಿನ್ ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ.

## ಸ್ವಲ್ಪ ಆಳಕ್ಕೆ

ಬೀಗ ಕೀಲಿ ಥರ ಅಂತ ಪುಸ್ತಕದಲ್ಲಿದೆ. ಆದರೆ ಸುಮ್ನೆ ಹೋಗಿ ಕೂತರೆ ಬಂಧ ಹೇಗೆ ಮುರಿಯುತ್ತೆ?

ಹನ್ನೊಂದನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ. ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದೇ. 1894ರಲ್ಲಿ ಎಮಿಲ್ ಫಿಶರ್ ಹೇಳಿದ ಬೀಗ ಕೀಲಿ, ಯಾವ ಕಿಣ್ವಕ್ಕೆ ಯಾವ ವಸ್ತು ಎಂಬುದನ್ನು ತಿಳಿಸುತ್ತದೆ. ಮುರಿಯುವುದು ಹೇಗೆ ಎಂದು ತಿಳಿಸದು. 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಒಂದು ತಿದ್ದುಪಡಿ ತಂದರು. ವಸ್ತು ಬಂದು ಕೂತಾಗ ಗುಳಿಯೂ ಆಕಾರ ಬದಲಿಸಿ ಅದನ್ನು ಹಿಡಿಯುತ್ತದೆ, ಕೈಗವಸಿನೊಳಗೆ ಕೈ ಹೋದ ಹಾಗೆ.

ಅದಕ್ಕೂ ಮುಖ್ಯವಾದದ್ದನ್ನು 1940ರ ದಶಕದಲ್ಲಿ ಲೈನಸ್ ಪೌಲಿಂಗ್ ಹೇಳಿದ್ದರು. ಗುಳಿ ಅತಿ ಚೆನ್ನಾಗಿ ಹೊಂದುವುದು ಮೊದಲಿನ ವಸ್ತುವಿಗೂ ಅಲ್ಲ, ಕೊನೆಯದಕ್ಕೂ ಅಲ್ಲ. ನಡುದಾರಿಯಲ್ಲಿ, ಅರ್ಧ ಮುರಿದ ಬಂಧದ ಆ ಕ್ಷಣದ ರೂಪಕ್ಕೆ. ಗುಡ್ಡದ ತುದಿಯಲ್ಲಿ ನಿಲ್ಲಲಾಗದ ಅಣುವಿಗೆ ಅಲ್ಲಿ ಆಸರೆ ಸಿಗುತ್ತದೆ. ಗುಡ್ಡ ತಗ್ಗುವುದು ಹೀಗೆ.

ಒಂದು ಉದಾಹರಣೆ. ಲೋಕಲ್ ಹಿಡಿಯಲು ಬ್ರಿಜ್ ಹತ್ತಿ ಓಡುತ್ತೀರಿ. ಕಾಲಿನ ಸ್ನಾಯುವಿನಿಂದ ಇಂಗಾಲದ ಡೈಆಕ್ಸೈಡ್ ರಕ್ತಕ್ಕೆ ಬರುತ್ತದೆ. ಕೆಂಪು ರಕ್ತಕಣದ ಕಾರ್ಬಾನಿಕ್ ಅನ್‌ಹೈಡ್ರೇಸ್ ಅದನ್ನು ಬೈಕಾರ್ಬೊನೇಟ್ ಮಾಡುತ್ತದೆ. ಅದರ ಗುಳಿಯ ತಳದಲ್ಲಿ ಒಂದು ಸತುವಿನ ಅಯಾನು ಇದೆ. ಸತು ಒಂದು ನೀರಿನ ಅಣುವನ್ನು ಹಿಡಿದು ಅದರ ಒಂದು ಹೈಡ್ರೋಜನ್ ಅಯಾನು ಸುಲಭವಾಗಿ ಕಳಚುವಂತೆ ಮಾಡುತ್ತದೆ. ಉಳಿದ ಹೈಡ್ರಾಕ್ಸೈಡ್, ಪಕ್ಕದಲ್ಲೇ ಸರಿಯಾದ ಕೋನದಲ್ಲಿ ಕೂತ ಇಂಗಾಲದ ಡೈಆಕ್ಸೈಡಿಗೆ ಅಂಟುತ್ತದೆ. ಹತ್ತಿರ ತರುವುದು, ಸರಿ ದಿಕ್ಕಿಗೆ ತಿರುಗಿಸುವುದು, ಬೇಕಾದ ವಿದ್ಯುದಂಶ ಒದಗಿಸುವುದು, ಮೂರೂ ಇಲ್ಲಿವೆ. ಸೆಕೆಂಡಿಗೆ ಹತ್ತು ಲಕ್ಷ ಸಲದವರೆಗೆ ನಡೆಯುತ್ತದೆ. ಊಟದಲ್ಲಿ ಚೂರು ಸತು ಬೇಕು ಅನ್ನುವುದಕ್ಕೆ ಇಂಥ ಕೆಲಸಗಳೇ ಕಾರಣ. ಬಿ ಗುಂಪಿನ ವಿಟಮಿನ್‌ಗಳೂ ಹೀಗೆಯೇ ಬೇರೆ ಬೇರೆ ಕಿಣ್ವಗಳಿಗೆ ಕೈಜೋಡಿಸುತ್ತವೆ.

ಕ್ರಿಯಾಧಾರ ಜಾಸ್ತಿ ಮಾಡಿದಷ್ಟೂ ವೇಗ ಹೆಚ್ಚುತ್ತಾ ಹೋಗುತ್ತಾ?

ಒಂದು ಮಟ್ಟದವರೆಗೆ. ಭಾನುವಾರ ಬೆಳಗ್ಗೆ ಮಾಟುಂಗಾದ ಹೋಟೆಲಿನ ದೋಸೆ ಕಾವಲಿ ನೋಡಿ. ಇಬ್ಬರೇ ಗಿರಾಕಿ ಇದ್ದರೆ ಕಾವಲಿ ಖಾಲಿ. ಜನ ಹೆಚ್ಚಿದಂತೆ ದೋಸೆಯೂ ಹೆಚ್ಚು. ಕಾವಲಿ ತುಂಬಿದ ಮೇಲೆ ಬಾಗಿಲಲ್ಲಿ ನೂರು ಜನ ನಿಂತರೂ ಗಂಟೆಗೆ ಬರುವ ದೋಸೆ ಅಷ್ಟೇ. 1913ರಲ್ಲಿ ಲಿಯೋನರ್ ಮಿಖಾಯೆಲಿಸ್ ಮತ್ತು ಮಾಡ್ ಮೆಂಟನ್ ಇದಕ್ಕೆ ಸಮೀಕರಣ ಕೊಟ್ಟರು. ಗರಿಷ್ಠ ವೇಗದ ಅರ್ಧ ಮುಟ್ಟಲು ಎಷ್ಟು ಕ್ರಿಯಾಧಾರ ಬೇಕೋ ಅದೇ ಕೆಎಂ.

ಈ ಅಂಕಿ ಸುಮ್ನೆ ಪರೀಕ್ಷೆಗಲ್ಲ. ಮಿದುಳಿನ ಹೆಕ್ಸೋಕೈನೇಸ್‌ಗೆ ಕೆಎಂ ಬಹಳ ಕಡಿಮೆ, ಉಪವಾಸದಲ್ಲೂ ಗ್ಲೂಕೋಸ್ ಹಿಡಿಯುತ್ತದೆ. ಯಕೃತ್ತಿನ ಗ್ಲೂಕೋಕೈನೇಸ್‌ಗೆ ಜಾಸ್ತಿ, ಊಟವಾಗಿ ಸಕ್ಕರೆ ಏರಿದಾಗಲೇ ಅದು ಚುರುಕಾಗುವುದು. ಹಾಗಾಗಿ ಮಿದುಳಿಗೆ ಮೊದಲ ಪಾಲು, ಉಳಿದದ್ದು ಯಕೃತ್ತಿನ ಉಗ್ರಾಣಕ್ಕೆ.

ಕಿಣ್ವ ಹಾಕಿದರೆ ಕೊನೆಗೆ ಸಿಗುವ ವಸ್ತು ಜಾಸ್ತಿ ಆಗುತ್ತಾ?

ಇಲ್ಲ, ಬೇಗ ಸಿಗುತ್ತದೆ ಅಷ್ಟೇ. ಸುರಂಗದಲ್ಲಿ ರೈಲು ಎರಡೂ ಕಡೆಗೆ ಓಡುತ್ತದೆ. ಸುರಂಗ ಬಂತು ಅಂತ ಉಡುಪಿ ತಾನಿದ್ದ ಜಾಗ ಬಿಡುವುದಿಲ್ಲ. ಏರುದಾರಿಯ ಕ್ರಿಯೆ ನಡೆಯಬೇಕಾದರೆ ಜೀವಿ, ಜೀವಕೋಶದಲ್ಲಿ ಶಕ್ತಿ ಹೊತ್ತೊಯ್ಯುವ ಎಟಿಪಿ ಎಂಬ ಅಣುವಿನ ಶಕ್ತಿ ಖರ್ಚು ಮಾಡಬೇಕು. ಮಳೆಗಾಲದ ಬಾಗಿಲಲ್ಲಿ ರಾಜಮಾಚಿ, ಭಂಡಾರದರಾ ಕಡೆ ಮರವಿಡೀ ಮಿನುಗುವ ಮಿಂಚುಹುಳ ನೋಡಿದ್ದೀರಾ? ಅಲ್ಲಿ ಲೂಸಿಫರೇಸ್ ಎಂಬ ಕಿಣ್ವ ಲೂಸಿಫೆರಿನ್, ಆಮ್ಲಜನಕ, ಎಟಿಪಿ ಮೂರನ್ನೂ ಸೇರಿಸುತ್ತದೆ. ಶಕ್ತಿ ಬೆಳಕಾಗಿ ಹೊರಬರುತ್ತದೆ, ಹುಳ ಮಾತ್ರ ತಣ್ಣಗೇ ಇರುತ್ತದೆ.

ಎಲ್ಲ ಕಿಣ್ವವೂ ಪ್ರೋಟೀನೇನಾ?

1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಹರಳಾಗಿಸಿ ಅದು ಪ್ರೋಟೀನ್ ಎಂದು ತೋರಿಸಿದರು. ಬಹಳ ಕಾಲ ಅದೇ ಕೊನೆಯ ಮಾತು ಅನ್ನಿಸಿತ್ತು. ಆಮೇಲೆ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಆರ್‌ಎನ್‌ಎ ಕೂಡ ಇಂಥ ಕೆಲಸ ಮಾಡುವುದನ್ನು ಕಂಡರು. 1989ರ ನೊಬೆಲ್ ಅದಕ್ಕೇ.

ನಮ್ಮ ಮುಂಬೈ, ಪುಣೆಯಲ್ಲಿ ಇದರ ಮೇಲೆ ಕೆಲಸ ಮಾಡಿದವರು ಇದ್ದಾರಾ?

ಇದ್ದಾರೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪೆನಿಸಿಲಿನ್ ಅಸೈಲೇಸ್ ಮೇಲೆ ಹಲವು ವರ್ಷ ಕೆಲಸ ನಡೆದಿದೆ. ಪೆನಿಸಿಲಿನ್ನಿನ ಬಾಲ ಕತ್ತರಿಸಿ ಆಂಪಿಸಿಲಿನ್, ಅಮಾಕ್ಸಿಸಿಲಿನ್‌ಗೆ ಬೇಕಾದ ತಿರುಳು ಉಳಿಸುವ ಕಿಣ್ವ ಅದು.

ನಾನು ಮಕ್ಕಳಿಗೆ ತಪ್ಪದೆ ಹೇಳುವ ಹೆಸರು ಕಮಲಾ ಸೋಹೋನಿ. ಮುಂಬೈಯಲ್ಲಿ ಪದವಿ ಮುಗಿಸಿ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಕಾರಣಕ್ಕೆ ಸಿ. ವಿ. ರಾಮನ್ ಬೇಡ ಎಂದರು. ಅವರು ಬಿಡಲಿಲ್ಲ, ಷರತ್ತಿನ ಮೇಲೆ ಸೇರಿದರು. ಆಮೇಲೆ ಕೇಂಬ್ರಿಜ್‌ಗೆ ಹೋಗಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ, ಉಸಿರಾಟದಲ್ಲಿ ಎಲೆಕ್ಟ್ರಾನ್ ದಾಟಿಸುವ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆ ಎಂದು ತೋರಿಸಿದರು. 1939ರಲ್ಲಿ ಡಾಕ್ಟರೇಟ್ ಬಂತು. ನಾವು ನೊರೆ ನೋಡಲು ತುರಿಯುವ ಅದೇ ಆಲೂಗಡ್ಡೆ.

ಮುಂದೆ ಮುಂಬೈಯ ಕಾಲಾ ಘೋಡಾ ಹತ್ತಿರದ ವಿಜ್ಞಾನ ಸಂಸ್ಥೆಯಲ್ಲಿ ಅವರು ಪಾಠ ಹೇಳಿದರು, ಅದರ ನಿರ್ದೇಶಕರೂ ಆದರು. ನೀರಾ ಎಂಬ, ಹುಳಿ ಬರದ ತಾಳೆರಸದ ಪೌಷ್ಟಿಕಾಂಶಗಳನ್ನು ಅಳೆದರು. ನಮ್ಮ ಕಾಳು, ತರಕಾರಿಗಳಲ್ಲಿ ಟ್ರಿಪ್ಸಿನ್ನಿಗೆ ಅಡ್ಡ ಬರುವ ವಸ್ತುಗಳನ್ನು ಹುಡುಕಿದರು. ಹಸಿ ಕಾಳು ತಿಂದರೆ ಈ ವಸ್ತುಗಳು ಟ್ರಿಪ್ಸಿನ್ನಿನ ಗುಳಿಗೆ ಸಿಕ್ಕಿಕೊಂಡು ಅದನ್ನು ಕಟ್ಟಿಹಾಕುತ್ತವೆ. ರಾತ್ರಿ ನೆನೆಸಿಟ್ಟು ಬೆಳಗ್ಗೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಅವುಗಳಲ್ಲಿ ಬಹುಪಾಲು ಹಾಳಾಗುತ್ತವೆ, ಟ್ರಿಪ್ಸಿನ್ನಿಗೆ ದಾರಿ ಬಿಡುತ್ತವೆ.